ಗೂಢಚರ್ಯೆ ಬೇಕು ಸರಿ, ಆದ್ರೆ ಯಾರ ಮೇಲೆ, ಯಾರನ್ನ ಕೇಳಿ?

ಹೋದ ಸಂಚಿಕೆಯಲ್ಲಿ ಫೋನ್ ಕದ್ದಾಲಿಕೆ ಬಗ್ಗೆ ಒಂದು ಪ್ರಶ್ನೆಗೆ ನಾಲ್ಕೇ ಸಾಲು ಉತ್ತರ ಬರೆದಿದ್ದೆ, ಗಟ್ಟಿ ಕಾರಣ ಇಲ್ದೆ, ಹೊರಗಿನ ಒಬ್ಬರ ಒಪ್ಪಿಗೆ ಇಲ್ದೆ ಯಾರ ಫೋನೂ ಕೇಳ್ಬಾರ್ದು ಅಂತ, ಅಷ್ಟಕ್ಕೇ ರಾಶಿ ಪತ್ರ ಬಂದಿವೆ. ದೇಶದ ಭದ್ರತೆನ ಹಗುರವಾಗಿ ತಗೊಂಡಿದೀರಿ ಅಂತ ಬೈದೋರಿದಾರೆ, ಇನ್ನೂ ಗಟ್ಟಿಯಾಗಿ ಹೇಳ್ಬೇಕಿತ್ತು ಅಂದೋರೂ ಇದಾರೆ. ಅದಕ್ಕೇ ಈ ಸಲ ಪೂರ್ತಿ ಅಂಕಣ ಇದೊಂದೇ ವಿಷಯಕ್ಕೆ.

ಪ್ರಶ್ನೆ: ಸರ್, ನಾನೇನೂ ತಪ್ಪು ಮಾಡಿಲ್ಲ. ಸರ್ಕಾರದೋರು ನನ್ನ ಫೋನ್ ಕೇಳಿಸ್ಕೊಂಡ್ರೆ ನಂಗೇನು ನಷ್ಟ? ಬಾಂಬ್ ಇಡೋನು ಸಿಕ್ಕಿಬಿದ್ರೆ ಸಾಕಲ್ವಾ?

ಉತ್ತರ: ಈ ಮಾತು ಕೇಳಿದೋರೇ ಜಾಸ್ತಿ. ತನ್ನ ಪಾಡಿಗೆ ಕೆಲಸಕ್ಕೆ ಹೋಗಿ ಮನೆಗೆ ಬರೋ ಮನುಷ್ಯನಿಗೆ ಹೀಗನ್ಸೋದು ಸಹಜ. ಆದ್ರೆ ಸರ್, ತಪ್ಪು ಯಾವುದು ಅಂತ ತೀರ್ಮಾನ ಮಾಡೋದು ನೀವಲ್ಲ, ಆ ಕಡೆ ಇಯರ್‌ಫೋನ್ ಹಾಕ್ಕೊಂಡು ಕೂತಿರೋನು.

ಅಮೆರಿಕದಲ್ಲಿ ಕರಿಯರ ಹಕ್ಕುಗಳಿಗೆ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ವಿಷಯನೇ ತಗೊಳ್ಳಿ. 1963ರ ಅಕ್ಟೋಬರ್‌ನಲ್ಲಿ ಅವರ ಫೋನ್ ಟ್ಯಾಪ್ ಮಾಡೋಕೆ ಅಮೆರಿಕದ ಅಟಾರ್ನಿ ಜನರಲ್, ಅಂದ್ರೆ ನ್ಯಾಯ ಇಲಾಖೆಯ ಮುಖ್ಯಸ್ಥ ರಾಬರ್ಟ್ ಕೆನಡಿ ಒಪ್ಪಿಗೆ ಕೊಟ್ರು. ಕಾರಣ ಏನಪ್ಪಾ ಅಂದ್ರೆ ಕಿಂಗ್ ಅವರ ಒಬ್ಬ ಸಲಹೆಗಾರನಿಗೆ ಕಮ್ಯುನಿಸ್ಟರ ನಂಟಿದೆ ಅನ್ನೋ ಅನುಮಾನ. ಸರಿ, ಅನುಮಾನ ಬಂತು, ನೋಡ್ಬೇಕು ಅನ್ಸಿತು ಅಂತಾನೇ ಇಟ್ಕೊಳ್ಳೋಣ. ಆದ್ರೆ ಅದು ಅಲ್ಲಿಗೆ ನಿಲ್ಲಲಿಲ್ಲ, ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನೋರು ಅವರು ಇಳ್ಕೊಳ್ತಿದ್ದ ಹೋಟೆಲ್ ರೂಮುಗಳಲ್ಲಿ ಮೈಕ್ ಇಟ್ರು, ಸಿಕ್ಕಿದ್ದು ದೇಶದ್ರೋಹ ಅಲ್ಲ, ಅವರ ಖಾಸಗಿ ಬದುಕು. ಆಗ ಏನ್ ಮಾಡ್ಬೇಕಿತ್ತು? ಟೇಪ್ ಅಳಿಸಿ ಫೈಲ್ ಮುಚ್ಚಬೇಕಿತ್ತು. ಮಾಡಿದ್ದೇನಂದ್ರೆ 1964ರ ನವೆಂಬರ್‌ನಲ್ಲಿ ಆ ಟೇಪಿನ ಜೊತೆ ಹೆಸರಿಲ್ಲದ ಒಂದು ಪತ್ರ ಇಟ್ಟು ಪೋಸ್ಟ್ ಮಾಡಿದ್ರು, ನಿನಗೆ ಇನ್ನು 34 ದಿನ ಇದೆ, ಮಾಡೋಕೆ ಒಂದೇ ಒಂದು ಕೆಲಸ ಬಾಕಿ ಇದೆ, ಅದೇನಂತ ನಿನಗೇ ಗೊತ್ತು ಅಂತ. ಆ ಪಾರ್ಸಲ್ ಬಿಚ್ಚಿದ್ದು ಅವರ ಹೆಂಡತಿ ಕೊರೆಟ್ಟಾ. ನೀನು ಸತ್ತುಹೋಗು ಅಂತ ಹೇಳ್ತಿದಾರೆ ಅಂತಾನೇ ಕಿಂಗ್ ಅದನ್ನ ಅರ್ಥ ಮಾಡ್ಕೊಂಡ್ರು. ಅದಕ್ಕೆ ಸ್ವಲ್ಪ ಹಿಂದೆಯಷ್ಟೇ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಘೋಷಣೆ ಆಗಿತ್ತು.

ನೀವು ಕಿಂಗ್ ಅಲ್ಲ, ನಾನೂ ಅಲ್ಲ, ಒಪ್ತೀನಿ. ಆದ್ರೆ ನಿಮ್ಮ ಪರವಾಗಿ ದನಿ ಎತ್ತೋನು, ನಿಮ್ಮ ಕೇಸ್ ನಡೆಸೋ ವಕೀಲ, ನಿಮ್ಮ ಊರಿನ ಹಗರಣ ಬರೆಯೋ ಪತ್ರಕರ್ತ ಇವರಲ್ಲಿ ಯಾರಾದ್ರೂ ಹೆದರ್ಕೊಂಡು ಬಾಯಿ ಮುಚ್ಚಿದ್ರೆ ನಷ್ಟ ನಿಮಗೂ ಆಗುತ್ತೆ.

ಪ್ರಶ್ನೆ: 2001ರ ಸೆಪ್ಟೆಂಬರ್ 11ರಂದು ಅಷ್ಟು ಜನ ಸತ್ತಮೇಲೂ ನಿಮ್ಮಂಥೋರು ಇದೇ ಹಾಡು ಹಾಡ್ತೀರಲ್ಲ. ಮೊದಲೇ ಎಲ್ಲರ ಮೇಲೂ ಕಣ್ಣಿಟ್ಟಿದ್ರೆ ತಪ್ಪಿಸ್ಬಹುದಿತ್ತೋ ಇಲ್ವೋ ನೇರವಾಗಿ ಹೇಳಿ.

ಉತ್ತರ: ನೇರವಾಗೇ ಹೇಳ್ತೀನಿ. ಅವತ್ತು ಸುಮಾರು 3,000 ಜನ ಹೋದ್ರು, ಅದನ್ನ ಬದಿಗಿಟ್ಟು ಯಾರೂ ಹಕ್ಕುಗಳ ಬಗ್ಗೆ ಮಾತಾಡ್ಬಾರ್ದು, ನಾನೂ ಆಡಲ್ಲ. ಆದ್ರೆ ನಡೆದಿದ್ದನ್ನ ಸರಿಯಾಗಿ ನೋಡಿ.

ವಿಮಾನ ಅಪಹರಿಸಿದೋರಲ್ಲಿ ಇಬ್ಬರು, ನವಾಫ್ ಅಲ್ ಹಜ್ಮಿ ಮತ್ತು ಖಾಲಿದ್ ಅಲ್ ಮಿಹ್ದಾರ್, 2000ದ ಜನವರಿಯಲ್ಲೇ ಅಮೆರಿಕಕ್ಕೆ ಬಂದಿಳಿದಿದ್ರು. ಅದಕ್ಕೂ ಮುಂಚೆ ಅವರು ಕೌಲಾಲಂಪುರದಲ್ಲಿ ಅಲ್ ಖೈದಾ ಉಗ್ರರ ಒಂದು ಮೀಟಿಂಗ್‌ಗೆ ಸೇರಿದ್ದು ವಿದೇಶದ ಗುಪ್ತಚರ ನೋಡ್ಕೊಳ್ಳೋ ಸಿಐಎಗೆ ಗೊತ್ತಿತ್ತು. ಅವರ ಹೆಸರು ವಾಚ್‌ಲಿಸ್ಟ್‌ಗೆ ಬಿದ್ದಿದ್ದು ಯಾವಾಗ ಗೊತ್ತಾ, 2001ರ ಆಗಸ್ಟ್ ಕೊನೆಗೆ, ದಾಳಿಗೆ ಮೂರು ವಾರ ಇರೋವಾಗ. ಅಲ್ಲಿವರೆಗೂ ಅವರೇನು ಕತ್ತಲಲ್ಲಿ ಅಡಗಿ ಕೂತಿರಲಿಲ್ಲ, ಸ್ಯಾನ್ ಡಿಯಾಗೋದಲ್ಲಿ ಸ್ವಂತ ಹೆಸರಲ್ಲೇ ಓಡಾಡ್ಕೊಂಡಿದ್ರು, ಹಜ್ಮಿ ಹೆಸರು ಆ ಊರಿನ ಟೆಲಿಫೋನ್ ಡೈರೆಕ್ಟರಿಯಲ್ಲೇ ಅಚ್ಚಾಗಿತ್ತು, ಸ್ವಲ್ಪ ಕಾಲ ಅವರು ಬಾಡಿಗೆಗಿದ್ದ ಮನೆ ಎಫ್‌ಬಿಐಗೇ ಮಾಹಿತಿ ಕೊಡ್ತಿದ್ದ ಒಬ್ಬ ಮನುಷ್ಯನದ್ದು! ಅಂದ್ರೆ ಮಾಹಿತಿ ಇರಲಿಲ್ಲ ಅಂತಲ್ಲ, ಒಂದು ಆಫೀಸಿನ ಮೇಜಿಂದ ಇನ್ನೊಂದು ಆಫೀಸಿನ ಮೇಜಿಗೆ ಹೋಗಲಿಲ್ಲ. ಕೋಟ್ಯಂತರ ಜನರ ಫೋನ್ ಕೇಳಿದ್ರೂ ಅದು ಹೋಗ್ತಿರಲಿಲ್ಲ.

ಇಲ್ಲಿ ಹಕ್ಕುಗಳ ಪರ ಮಾತಾಡೋ ನಮ್ಮ ಕಡೆಯೋರೂ ಒಂದು ಮಾತು ಒಪ್ಕೋಬೇಕು. ಗುಪ್ತಚರರಿಗೂ ಕ್ರಿಮಿನಲ್ ಕೇಸ್ ನಡೆಸೋರಿಗೂ ಮಧ್ಯೆ ನಿಯಮಗಳ ಒಂದು ಗೋಡೆ ಕಟ್ಟಿದ್ರು, ಉದ್ದೇಶ ಒಳ್ಳೇದೇ, ಗುಟ್ಟಾಗಿ ಸಂಗ್ರಹಿಸಿದ್ದು ಅಡ್ಡದಾರಿಯಲ್ಲಿ ಕೋರ್ಟಿಗೆ ಬರಬಾರ್ದು ಅಂತ. ಆದ್ರೆ ಅಧಿಕಾರಿಗಳು ಅದನ್ನ ಎಷ್ಟು ತಪ್ಪಾಗಿ ಅರ್ಥ ಮಾಡ್ಕೊಂಡ್ರು ಅಂದ್ರೆ ಹೇಳ್ಬಹುದಾಗಿದ್ದನ್ನೂ ಹೇಳದೆ ಉಳಿದ್ರು. ನಿಯಮ ಅಸ್ಪಷ್ಟವಾಗಿದ್ರೆ ಅದೂ ಜೀವ ತೆಗೆಯುತ್ತೆ.

ಆಮೇಲೆ ನೀವು ಹೇಳಿದ ಹಾಗೇ ಮಾಡಿ ನೋಡಿದ್ರಲ್ಲ. ದೇಶದ ಜನರೆಲ್ಲರ ಫೋನ್ ಕರೆಗಳ ದಾಖಲೆನ ಕಂಪನಿಗಳಿಂದ ಪ್ರತಿದಿನ ತರಿಸ್ಕೊಳ್ಳೋದು ವರ್ಷಗಟ್ಟಲೆ ನಡೀತು, 2013ರ ಜೂನ್‌ನಲ್ಲಿ ಅಲ್ಲಿನ ಗುಪ್ತಚರ ಸಂಸ್ಥೆಗೆ ಗುತ್ತಿಗೆ ಮೇಲೆ ಕೆಲಸ ಮಾಡ್ತಿದ್ದ ಎಡ್ವರ್ಡ್ ಸ್ನೋಡೆನ್ ಕೊಟ್ಟ ಕಾಗದಪತ್ರಗಳಿಂದ ಹೊರಗೆ ಬಂತು. ಸರ್ಕಾರದ್ದೇ ಆದ ಒಂದು ಸ್ವತಂತ್ರ ಮಂಡಳಿ ಗುಟ್ಟಿನ ಫೈಲುಗಳನ್ನೂ ತರಿಸಿ ಓದಿ 2014ರ ಜನವರಿಯಲ್ಲಿ ವರದಿ ಕೊಡ್ತು, ಈ ರಾಶಿಯಿಂದ ಒಂದೇ ಒಂದು ಭಯೋತ್ಪಾದನಾ ತನಿಖೆಯ ಫಲಿತಾಂಶವೂ ಗಟ್ಟಿಯಾಗಿ ಬದಲಾದ ಉದಾಹರಣೆ ನಮಗೆ ಸಿಗಲಿಲ್ಲ ಅಂತ. ಈ ಕಡೆ 2013ರ ಏಪ್ರಿಲ್‌ನಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ ಬಾಂಬ್ ಇಟ್ಟ ಅಣ್ಣ-ತಮ್ಮಂದಿರಲ್ಲಿ ಅಣ್ಣನ ಬಗ್ಗೆ ರಷ್ಯಾದೋರು 2011ರಲ್ಲೇ ಹೆಸರು ಹಿಡಿದು ಎಚ್ಚರಿಸಿದ್ರು, ಎಫ್‌ಬಿಐನೋರು ಹೋಗಿ ಮಾತಾಡಿಸಿ ಏನೂ ಸಿಗಲಿಲ್ಲ ಅಂತ ಫೈಲ್ ಮುಚ್ಚಿದ್ರು. ಎಲ್ಲರ ಮೇಲೂ ಕಣ್ಣಿಟ್ರೆ ನೋಡಲೇಬೇಕಾದ ಒಬ್ಬನ ಮೇಲೆ ಕಣ್ಣು ನಿಲ್ಲಲ್ಲ ಸರ್, ನಂಗೆ ಹೆಚ್ಚು ಸಂಕಟ ಆಗೋದು ಅದಕ್ಕೇ.

ಪ್ರಶ್ನೆ: ಮಾತು ಕೇಳಿಸ್ಕೊಳ್ಳಲ್ಲ, ಯಾರು ಯಾರಿಗೆ ಎಷ್ಟು ಹೊತ್ತಿಗೆ ಫೋನ್ ಮಾಡಿದ್ರು ಅನ್ನೋದು ಮಾತ್ರ ತಗೊಳ್ತೀವಿ ಅಂತಾರಲ್ಲ, ಅದ್ರಲ್ಲಿ ಅಂಥದ್ದೇನಿದೆ?

ಉತ್ತರ: ಒಂದು ಬಿಲ್ ಊಹಿಸ್ಕೊಳ್ಳಿ. ಸರ್ಕಾರಿ ಕಚೇರಿಯ ಒಬ್ಬ ಗುಮಾಸ್ತ ಸೋಮವಾರ ರಾತ್ರಿ ಹತ್ತೂವರೆಗೆ ಒಬ್ಬ ವರದಿಗಾರ್ತಿಗೆ 40 ನಿಮಿಷ ಫೋನ್ ಮಾಡ್ತಾನೆ, ಮಾರನೇ ದಿನ ಮತ್ತೆ ಮಾಡ್ತಾನೆ, ಗುರುವಾರ ಆ ಕಚೇರಿಯ ಹಗರಣ ಪತ್ರಿಕೆಯಲ್ಲಿ ಬರುತ್ತೆ, ಶುಕ್ರವಾರ ಬೆಳಿಗ್ಗೆ ಆತ ಒಬ್ಬ ಕ್ರಿಮಿನಲ್ ಲಾಯರ್‌ಗೆ ಫೋನ್ ಮಾಡ್ತಾನೆ. ಒಂದು ಮಾತೂ ಕೇಳಿಸ್ಕೊಂಡಿಲ್ಲ, ಆದ್ರೆ ಇನ್ನೇನು ತಿಳ್ಕೊಳ್ಳೋದು ಬಾಕಿ ಇದೆ ಹೇಳಿ?

ಮೊಬೈಲ್ ಬಂದ್ಮೇಲಂತೂ ಎಲ್ಲಿದ್ರಿ ಅನ್ನೋದೂ ಅದಕ್ಕೆ ಸೇರ್ಕೊಂಡಿದೆ. ಕಂಪನಿಗೆ ನೀವೇ ಕೊಟ್ಟ ನಂಬರು, ಅದ್ರಲ್ಲಿ ಗುಟ್ಟೇನು ಅಂತ 1979ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತ್ತು. ಅದೇ ಕೋರ್ಟ್ 2018ರಲ್ಲಿ ಕಾರ್ಪೆಂಟರ್ ಕೇಸಲ್ಲಿ ಟವರ್ ದಾಖಲೆ ವಿಷಯದಲ್ಲಿ ಬೇರೆ ದಾರಿ ಹಿಡೀತು. ಪೊಲೀಸರು ಒಬ್ಬ ಮನುಷ್ಯನ 127 ದಿನದ ಟವರ್ ದಾಖಲೆ ತರಿಸಿದ್ರು, ಅದ್ರಲ್ಲಿ ಅವನು ಎಲ್ಲಿದ್ದ ಅನ್ನೋಕೆ 12,898 ಗುರುತು ಸಿಕ್ವು, ದಿನಕ್ಕೆ ನೂರರ ಲೆಕ್ಕ. ಇದಕ್ಕೆ ವಾರಂಟ್ ಬೇಕು ಅಂತ ಐದು ಜನ ಜಡ್ಜುಗಳು, ಬೇಡ ಅಂತ ನಾಲ್ಕು ಜನ.

ಪ್ರಶ್ನೆ: ಅಮೆರಿಕದಲ್ಲಿ ಇದಕ್ಕೇ ಅಂತ ಗುಟ್ಟಿನ ಕೋರ್ಟ್ ಇದೆಯಂತಲ್ಲ. ಜಡ್ಜ್ ಒಪ್ಪಿದ ಮೇಲೆ ಇನ್ನೇನು ತಕರಾರು? ಆ ಕೋರ್ಟ್ ಹೇಗೆ ಬಂತು ಅಂತಾನೂ ಬರೀರಿ.

ಉತ್ತರ: ಹೇಗೆ ಬಂತು ಅನ್ನೋದನ್ನ ಮೊದ್ಲು ಹೇಳ್ತೀನಿ, ನಂಗೆ ತುಂಬಾ ಹಿಡಿಸಿದ ಕಥೆ. 1971ರ ಮಾರ್ಚ್ 8ರ ರಾತ್ರಿ ಮೊಹಮ್ಮದ್ ಅಲಿ, ಜೋ ಫ್ರೇಜಿಯರ್ ಬಾಕ್ಸಿಂಗ್, ದೇಶವೆಲ್ಲ ಅದರ ಗುಂಗಲ್ಲಿತ್ತು. ಆ ಹೊತ್ತಲ್ಲಿ ಪೆನ್ಸಿಲ್ವೇನಿಯಾದ ಮೀಡಿಯಾ ಅನ್ನೋ ಸಣ್ಣ ಊರಲ್ಲಿ ಎಫ್‌ಬಿಐ ಆಫೀಸಿನ ಬೀಗ ಮುರಿದು ಕೆಲವರು ಒಳಗೆ ನುಗ್ಗಿದ್ರು. ಒಟ್ಟು ಎಂಟು ಜನರ ಗುಂಪು, ಮುಂದಾಳು ಒಬ್ಬ ಫಿಸಿಕ್ಸ್ ಪ್ರೊಫೆಸರ್ ವಿಲಿಯಂ ಡೇವಿಡನ್, ಜೊತೆಗೆ ಮೂರು ಮಕ್ಕಳ ತಂದೆ-ತಾಯಿ ರೇನ್ಸ್ ದಂಪತಿ. ಬಾನಿ ರೇನ್ಸ್ ಅದಕ್ಕೂ ಮುಂಚೆ ಕಾಲೇಜು ಹುಡುಗಿ ಥರ ಆ ಆಫೀಸಿಗೆ ಹೋಗಿ, ಇಂಟರ್‌ವ್ಯೂ ಮಾಡೋ ನೆಪದಲ್ಲಿ ಒಳಗೆಲ್ಲ ನೋಡ್ಕೊಂಡು ಬಂದಿದ್ರು, ಗುರುತು ಉಳೀಬಾರ್ದು ಅಂತ ಗ್ಲೌಸ್ ತೆಗೀದೇ ನೋಟ್ಸ್ ಬರ್ಕೊಂಡ್ರಂತೆ. ಸೂಟ್‌ಕೇಸ್ ತುಂಬ ಫೈಲ್ ತುಂಬ್ಕೊಂಡು ಹೋಗಿ, ಓದಿ, ಪ್ರತಿ ತೆಗೆದು ಪತ್ರಿಕೆಗಳಿಗೆ ಪೋಸ್ಟ್ ಮಾಡಿದ್ರು. ಎಫ್‌ಬಿಐನೋರು ವರ್ಷಗಟ್ಟಲೆ ಹುಡುಕಿದ್ರೂ ಒಬ್ಬರೂ ಸಿಗಲಿಲ್ಲ, ಅವರಲ್ಲಿ ಕೆಲವರು ತಾವಾಗೇ ಹೆಸರು ಹೇಳ್ಕೊಂಡಿದ್ದು 2014ರಲ್ಲಿ. ಕಳ್ಳತನ ಕಳ್ಳತನವೇ, ನಾನು ಸರಿ ಅಂತ ಹೇಳಲ್ಲ, ಆದ್ರೆ ಬೇರೆ ಯಾವ ಬಾಗಿಲೂ ತೆರೆದಿರಲಿಲ್ಲ ಅನ್ನೋದೂ ನಿಜ.

ಆ ಫೈಲುಗಳ ಒಂದು ಹಾಳೆ ಮೇಲಿದ್ದ ಕೋಯಿಂಟೆಲ್‌ಪ್ರೋ ಅನ್ನೋ ಪದದಿಂದ ಎಳೆ ಹಿಡಿದು ಹೋದ್ರೆ, 1956ರಿಂದ ಎಫ್‌ಬಿಐನೋರು ನಡೆಸ್ತಿದ್ದ ದೊಡ್ಡ ಕಾರ್ಯಾಚರಣೆ ಹೊರಗೆ ಬಂತು, ಸಂಘಟನೆಗಳ ಒಳಗೆ ಜಗಳ ಹಚ್ಚೋದು, ಸುಳ್ಳು ಪತ್ರ ಕಳ್ಸೋದು, ಜನರನ್ನ ಕೆಲಸದಿಂದ ತೆಗೆಸೋದು. 1975-76ರಲ್ಲಿ ಸೆನೆಟರ್ ಫ್ರಾಂಕ್ ಚರ್ಚ್ ಸಮಿತಿ ತನಿಖೆಗೆ ಕೂತಾಗ ಗೊತ್ತಾಯ್ತು, ಎಫ್‌ಬಿಐ ಮುಖ್ಯ ಕಚೇರಿಯೊಂದರಲ್ಲೇ ದೇಶದ ಒಳಗಿನ ಗುಪ್ತಚರಕ್ಕೆ ಸೇರಿದ 5 ಲಕ್ಷಕ್ಕೂ ಹೆಚ್ಚು ಫೈಲ್ ಇದ್ವು, ಸಿಐಎ ನ್ಯೂಯಾರ್ಕಲ್ಲಿ 2 ಲಕ್ಷಕ್ಕೂ ಹೆಚ್ಚು ಕಾಗದ ಒಡೆದು ಓದಿತ್ತು. ಇಷ್ಟೆಲ್ಲ ಆದ್ಮೇಲೆ 1978ರಲ್ಲಿ ಗುಪ್ತಚರಕ್ಕೆ ಅಂತ ಫೋನ್ ಕೇಳೋಕೂ ಕೋರ್ಟಿನ ಒಪ್ಪಿಗೆ ಬೇಕು ಅನ್ನೋ ಕಾನೂನು ಬಂತು, ಅದ್ರ ಜೊತೆ ಆ ಕೋರ್ಟ್.

ಈಗ ತಕರಾರಿಗೆ ಬರ್ತೀನಿ. ಆ ಕೋರ್ಟಲ್ಲಿ ಮಾಮೂಲಿಯಾಗಿ ಒಂದೇ ಪಕ್ಷ ಇರುತ್ತೆ, ಸರ್ಕಾರದ ವಕೀಲ. 1979ರಿಂದ 2012ರವರೆಗೆ 33,900ಕ್ಕೂ ಹೆಚ್ಚು ಅರ್ಜಿ ಬಂದ್ವು, ತಿರಸ್ಕಾರ ಆಗಿದ್ದು 11. ಎಷ್ಟೋ ಅರ್ಜಿನ ನಾವು ತಿದ್ದಿಸಿ ತರಿಸ್ತೀವಿ, ಅದು ಲೆಕ್ಕಕ್ಕೆ ಬರಲ್ಲ ಅಂತ ಜಡ್ಜುಗಳ ವಾದ, ಅದನ್ನ ತಳ್ಳಿಹಾಕಲ್ಲ. ಆದ್ರೆ 2019ರ ಡಿಸೆಂಬರ್‌ನಲ್ಲಿ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಒಬ್ಬ ಮನುಷ್ಯನ ಮೇಲಿನ ಅರ್ಜಿಗಳನ್ನ ಸಾಲು ಸಾಲಾಗಿ ಪರೀಕ್ಷೆ ಮಾಡಿದ್ರು, ಕಾರ್ಟರ್ ಪೇಜ್ ಅಂತ, ಟ್ರಂಪ್ ಚುನಾವಣಾ ಪ್ರಚಾರಕ್ಕೆ ಸಲಹೆಗಾರ ಆಗಿದ್ದೋರು. 17 ದೊಡ್ಡ ತಪ್ಪು, ಮುಚ್ಚಿಟ್ಟ ವಿಷಯ ಸಿಕ್ವು, ಒಬ್ಬ ಎಫ್‌ಬಿಐ ಲಾಯರ್ ಇಮೇಲನ್ನೇ ತಿದ್ದಿದ್ದ, ಮುಂದೆ ತಪ್ಪೊಪ್ಕೊಂಡ. ಎದುರುಗಡೆ ವಕೀಲ ಇದ್ದಿದ್ರೆ ಮೊದಲನೇ ದಿನವೇ ಅರ್ಧ ಹಿಡೀಬಹುದಿತ್ತು. ಹಾಗಂತ ಕೋರ್ಟೇ ಬೇಡ ಅಂತ ನಾನು ಹೇಳ್ತಿಲ್ಲ, ಆ ರೂಮಲ್ಲಿ ಇನ್ನೊಂದು ಕುರ್ಚಿ ಹಾಕಿ, ನೋಡಲ್ಪಡೋನ ಪರವಾಗಿ ಗುಟ್ಟು ಕಾಪಾಡೋ ಒಬ್ಬ ವಕೀಲನ್ನ ಕೂರಿಸಿ ಅಂತಿದೀನಿ. 2015ರಲ್ಲಿ ಕೆಲವು ಹೊಸ, ಕ್ಲಿಷ್ಟ ಪ್ರಶ್ನೆಗಳಿಗೆ ಮಾತ್ರ ಅಂಥದ್ದೊಂದು ಏರ್ಪಾಡು ಬಂತು, ಅದು ಸಾಲದು.

ಪ್ರಶ್ನೆ: ನಾನು ಇಂಥದೇ ಕೆಲಸದಲ್ಲಿದ್ದು ರಿಟೈರ್ ಆದೋನು. ಬೆಳಿಗ್ಗೆ ಸುಳಿವು ಬಂದು ಸಂಜೆ ದಾಳಿ ಅಂದ್ರೆ ಕೋರ್ಟ್ ಬಾಗಿಲಲ್ಲಿ ಕ್ಯೂ ನಿಲ್ಲೋಕೆ ಆಗಲ್ಲ. ತಪ್ಪಿಸಿದ ದಾಳಿ ಯಾರ ಕಣ್ಣಿಗೂ ಬೀಳಲ್ಲ, ತಪ್ಪಿದ ಒಂದು ಮಾತ್ರ ಪೇಪರಲ್ಲಿ ಬರುತ್ತೆ. ನಮ್ಮನ್ನ ವಿಲನ್ ಮಾಡ್ಬೇಡಿ.

ಉತ್ತರ: ಸರ್, ನಿಮ್ಮ ಪತ್ರನ ಎರಡು ಸಲ ಓದಿದೆ. ಯಾರಿಗೂ ಹೇಳ್ಕೊಳ್ಳೋಕಾಗದ ಕೆಲಸ ನಿಮ್ದು, ಅದ್ರ ಭಾರ ನಂಗೆ ಪೂರ್ತಿ ಗೊತ್ತಾಗೋಕೆ ಸಾಧ್ಯ ಇಲ್ಲ.

ತುರ್ತು ಇದ್ದಾಗ ಕಾಯಿರಿ ಅಂತ ಯಾರೂ ಹೇಳ್ತಿಲ್ಲ. ಆ 1978ರ ಕಾನೂನಲ್ಲೇ ತುರ್ತಿಗೆ ದಾರಿ ಇದೆ, ಅಟಾರ್ನಿ ಜನರಲ್ ಒಪ್ಪಿದ್ರೆ ಕೂಡಲೇ ಟ್ಯಾಪ್ ಶುರು ಮಾಡ್ಬಹುದು, ಆಮೇಲೆ 7 ದಿನದೊಳಗೆ ಕೋರ್ಟಿಗೆ ಅರ್ಜಿ ಹಾಕ್ಬೇಕು. ಮೊದ್ಲು ಈ ಗಡುವು 24 ಗಂಟೆ ಇತ್ತು, ನಿಮ್ಮಂಥೋರ ಕಷ್ಟ ಕೇಳಿನೇ ಜಾಸ್ತಿ ಮಾಡಿದ್ದು. ನಾನು ಕೇಳೋದು ಇಷ್ಟೇ, ಇವನ ಮೇಲೆ ಯಾಕೆ ಅನುಮಾನ ಅಂತ ಮೊದ್ಲು ಹಾಳೆ ಮೇಲೆ ಬರೀಬೇಕು, ನಿಮ್ಮ ಮೇಲಧಿಕಾರಿ ಅಲ್ಲದ ಒಬ್ಬರು ಅದನ್ನ ಓದಿ ಹೂಂ ಅನ್ಬೇಕು, ಇಂತಿಷ್ಟು ದಿನ ಅಂತ ಇರ್ಬೇಕು, ಏನೂ ಸಿಗದಿದ್ರೆ ನಿಲ್ಲಿಸ್ಬೇಕು. ಕಾರಣ ಮುಂದೆ, ಕಣ್ಣು ಹಿಂದೆ. ಈ ಕ್ರಮ ತಲೆಕೆಳಗಾದಾಗ ಏನಾಗುತ್ತೆ ಅನ್ನೋದಕ್ಕೆ ನ್ಯೂಯಾರ್ಕ್ ಪೊಲೀಸರನ್ನೇ ನೋಡಿ. 2001ರ ನಂತರ ಅವರೊಂದು ಘಟಕ ಮಾಡಿ ಮುಸ್ಲಿಮರು ಕೂರೋ ಕೆಫೆ, ಪುಸ್ತಕದಂಗಡಿ, ಮಸೀದಿ ಅಂತ ಓಡಾಡಿ ಯಾರು ಏನು ಮಾತಾಡ್ತಾರೆ ಅಂತ ಬರ್ಕೊಂಡ್ರು. ಯಾವ ಒಬ್ಬನ ಮೇಲೂ ನಿರ್ದಿಷ್ಟ ಅನುಮಾನ ಇಲ್ಲ, ಧರ್ಮ ಒಂದೇ ಕಾರಣ. 2012ರಲ್ಲಿ ಆ ವಿಭಾಗದ ಹಿರಿಯ ಅಧಿಕಾರಿನೇ ಪ್ರಮಾಣ ಮಾಡಿ ಹೇಳಿದ್ರು, ನಾನು ಬಂದಮೇಲೆ ಆರು ವರ್ಷದಲ್ಲಿ ಈ ಘಟಕದ ವರದಿಯಿಂದ ಒಂದೂ ಸುಳಿವು ಹುಟ್ಟಿಲ್ಲ ಅಂತ. 2014ರಲ್ಲಿ ಮುಚ್ಚಿದ್ರು. ಆ ಆರು ವರ್ಷದಲ್ಲಿ ಕೆಫೆ ಮೂಲೆಯಲ್ಲಿ ಕೂತ ಅಧಿಕಾರಿಗಳನ್ನ ಗಟ್ಟಿ ಅನುಮಾನ ಇದ್ದೋರ ಹಿಂದೆ ಕಳಿಸ್ಬಹುದಿತ್ತಲ್ವಾ ಸರ್, ನಿಮಗೇ ಅದು ಚೆನ್ನಾಗಿ ಗೊತ್ತಿರುತ್ತೆ. ಅದಕ್ಕಿಂತ ದೊಡ್ಡ ನಷ್ಟ ಅಂದ್ರೆ, ನಾಳೆ ಆ ಬೀದಿಯಲ್ಲಿ ಯಾರಾದ್ರೂ ಹುಡುಗ ದಾರಿ ತಪ್ತಿದಾನೆ ಅಂತ ಅವನ ಮಾವನಿಗೆ ಗೊತ್ತಾದ್ರೆ ಅವರು ಪೊಲೀಸ್ ಹತ್ರ ಬರೋಕೆ ಹಿಂದೆಮುಂದೆ ನೋಡ್ತಾರೆ.

ಇನ್ನೊಂದು ಮಾತು, ಅನುಮಾನದ ಕಾರಣ ಬರೆದಿಟ್ಟ ಆ ಕಾಗದ ನಿಮ್ಮನ್ನೂ ಕಾಯುತ್ತೆ. ಮೇಲಿನೋರು ಬಾಯಲ್ಲಿ ಹೇಳಿ ಮಾಡಿಸಿದ ಕೆಲಸಕ್ಕೆ ಮುಂದೆ ತನಿಖೆ ಬಂದಾಗ ಸಿಕ್ಕಿಬೀಳೋದು ಕೆಳಗಿನೋರೇ ಅಂತ ನಿಮಗಿಂತ ಚೆನ್ನಾಗಿ ಯಾರು ಬಲ್ಲರು.

ಪ್ರಶ್ನೆ: ಒಪ್ಪಿಗೆ ಕೊಡೋದು ಎಲ್ಲಾ ದೇಶದಲ್ಲೂ ಜಡ್ಜೇನಾ?

ಉತ್ತರ: ಇಲ್ಲ. ಬ್ರಿಟನ್ನಲ್ಲಿ 2016ರ ಕಾನೂನಿನ ಪ್ರಕಾರ ಮಂತ್ರಿ ಸಹಿ ಹಾಕ್ಬೇಕು, ಅದ್ರ ಮೇಲೆ ನ್ಯಾಯಾಂಗದ ಒಬ್ಬ ಕಮಿಷನರ್ ಒಪ್ಪಬೇಕು, ಡಬಲ್ ಲಾಕ್ ಅಂತಾರೆ. ಭಾರತದಲ್ಲಿ ಆದೇಶ ಕೊಡೋದು ಗೃಹ ಕಾರ್ಯದರ್ಶಿ, ಪರಿಶೀಲನೆ ಮಾಡೋ ಸಮಿತಿಯಲ್ಲಿರೋದೂ ಅಧಿಕಾರಿಗಳೇ, ಒಂದು ಆದೇಶ ಎರಡು ತಿಂಗಳು, ಮುಂದುವರಿಸಿದ್ರೂ ಒಟ್ಟು ಆರು ತಿಂಗಳು ಮೀರಬಾರ್ದು ಅಂತ 1996ರಲ್ಲಿ ಸುಪ್ರೀಂ ಕೋರ್ಟ್ ಹಾಕಿದ ಗೆರೆ. ಮೊದಲೇ ಜಡ್ಜ್ ಒಪ್ಪಿಗೆ ಬೇಕು ಅನ್ನೋ ವಾದನ ಆ ತೀರ್ಪು ಒಪ್ಪಲಿಲ್ಲ. ಅನುಮತಿ ಕೇಳೋರು, ಕೊಡೋರು, ಪರೀಕ್ಷೆ ಮಾಡೋರು ಮೂವರೂ ಒಂದೇ ಸರ್ಕಾರದೋರಾದ್ರೆ ಸಾಲದು ಅನ್ನೋದು ನನ್ನ ಅಭಿಪ್ರಾಯ.

ಪ್ರಶ್ನೆ: ನಮ್ಮ ಮೇಲೆ ನಿಗಾ ಇತ್ತು ಅಂತ ನಮಗೆ ಯಾವತ್ತಾದ್ರೂ ಗೊತ್ತಾಗುತ್ತಾ?

ಉತ್ತರ: ಹೆಚ್ಚಿನ ಕಡೆ ಇಲ್ಲ. ಜರ್ಮನಿಯಲ್ಲಿ ಒಂದು ಒಳ್ಳೇ ನಿಯಮ ಇದೆ, ನಿಗಾ ಮುಗಿದು, ಹೇಳಿದ್ರೆ ತನಿಖೆಗೆ ತೊಂದರೆ ಇಲ್ಲ ಅಂತಾದ್ಮೇಲೆ ಆ ವ್ಯಕ್ತಿಗೆ ತಿಳಿಸ್ಬೇಕು. ತಿಳಿದ್ರೆ ತಾನೇ ಕೋರ್ಟಿಗೆ ಹೋಗೋಕಾಗೋದು. ಅದೇ ದೇಶ ಇನ್ನೊಂದನ್ನೂ ನೋಡಿದೆ, ಪೂರ್ವ ಜರ್ಮನಿಯ ಗುಪ್ತ ಪೊಲೀಸ್ ಸ್ಟಾಸಿ ಬಿಟ್ಟುಹೋದ ಕಡತಗಳನ್ನ ಸಾಲಾಗಿ ಜೋಡಿಸಿದ್ರೆ ಸುಮಾರು 111 ಕಿಲೋಮೀಟರ್. 1992ರಿಂದ ಜನ ತಮ್ಮ ಫೈಲ್ ತಾವೇ ಓದ್ಬಹುದು ಅಂತಾಯ್ತು, ಎಷ್ಟೋ ಜನರಿಗೆ ಒಳಗೆ ಸಿಕ್ಕಿದ್ದು ಗೆಳೆಯನ ಕೈಬರಹ.

ಬ್ರಿಟನ್ನಿನ ಕಥೆ ಹೇಳೋಕೇ ಕಷ್ಟ ಆಗುತ್ತೆ. ಚಳವಳಿಗಾರರ ಮಧ್ಯೆ ಪೊಲೀಸರು ಸುಳ್ಳು ಹೆಸರಲ್ಲಿ ಸೇರ್ಕೊಂಡು ವರ್ಷಗಟ್ಟಲೆ ಬದುಕಿದ್ರು, ಕೆಲವರು ತೀರಿಹೋದ ಮಕ್ಕಳ ಹೆಸರು ಬಳಸಿದ್ರು, ಹೆಂಗಸರ ಜೊತೆ ಸಂಸಾರದ ಥರ ಇದ್ರು. ಒಬ್ಬಾಕೆಗೆ 2010ರಲ್ಲಿ, ಆರು ವರ್ಷ ಜೊತೆಗಿದ್ದ ಗೆಳೆಯನ ಗಾಡಿಯಲ್ಲಿ ಬೇರೆ ಹೆಸರಿನ ಪಾಸ್‌ಪೋರ್ಟ್ ಸಿಕ್ತು, ಫೋಟೋ ಮಾತ್ರ ಅವನದ್ದೇ. ಆ ನಂತರ ಬಂದ ಗಲಾಟೆಯಿಂದಲೇ ಸಾರ್ವಜನಿಕ ವಿಚಾರಣೆ ಶುರುವಾಗಿದ್ದು. ಆಕೆಗೆ ಯಾವ ಕಚೇರಿಯೂ ತಾನಾಗಿ ತಿಳಿಸಲಿಲ್ಲ.

ಪ್ರಶ್ನೆ: ನಾನು ಕಾಲೇಜಲ್ಲಿ ಓದ್ತಿದೀನಿ. ಹಾಸ್ಟೆಲ್ ಫೀಸ್ ಜಾಸ್ತಿ ಮಾಡಿದ್ದಕ್ಕೆ ಒಂದು ಮೆರವಣಿಗೆ ಇದೆ, ಹೋಗ್ಬೇಕು ಅನ್ಸುತ್ತೆ. ಅಪ್ಪ ಬೇಡ ಅಂತಾರೆ, ಎಲ್ಲಾ ಕ್ಯಾಮೆರಾದಲ್ಲಿ ಹಿಡೀತಾರೆ, ನಾಳೆ ಕೆಲಸಕ್ಕೆ ತೊಂದರೆ ಆಗುತ್ತೆ ಅಂತ. ಏನ್ ಮಾಡ್ಲಿ?

ಉತ್ತರ: ಇಷ್ಟು ಪತ್ರಗಳಲ್ಲಿ ನಂಗೆ ತುಂಬಾ ತಟ್ಟಿದ್ದು ನಿಮ್ದೇ ಕಣಮ್ಮಾ. ಮೇಲೆ ಹೇಳಿದ್ನಲ್ಲ ಮೀಡಿಯಾ ಊರಿನ ಆಫೀಸು, ಅಲ್ಲಿಂದ ಹೊರಬಂದ ಕಾಗದಗಳಲ್ಲಿ ಒಂದು ಟಿಪ್ಪಣಿ ಇತ್ತು. ಚಳವಳಿಗಾರರನ್ನ ಇನ್ನೂ ಹೆಚ್ಚೆಚ್ಚು ವಿಚಾರಿಸ್ತಾ ಇರಿ, ಅದ್ರಿಂದ ಅವರ ಭ್ರಮೆ, ಭಯ ಜಾಸ್ತಿ ಆಗುತ್ತೆ, ಪ್ರತಿ ಪೋಸ್ಟ್ ಡಬ್ಬದ ಹಿಂದೆಯೂ ಒಬ್ಬ ಎಫ್‌ಬಿಐ ಏಜೆಂಟ್ ಇದಾನೆ ಅನ್ನೋದು ಅವರ ತಲೆಗೆ ಹೋಗುತ್ತೆ ಅಂತ. ಅಷ್ಟೊಂದು ಏಜೆಂಟರು ಯಾವ ಇಲಾಖೆಯಲ್ಲೂ ಇರಲ್ಲ. ಇದಾರೆ ಅಂತ ಜನ ನಂಬಿದ್ರೆ ಕೆಲಸ ಆದಂಗೇ.

ನಿಮ್ಮ ಅಪ್ಪನ್ನ ನಾನು ತಪ್ಪು ಅನ್ನಲ್ಲ, ಮಗಳ ಮೇಲಿನ ಪ್ರೀತಿಗೆ ಹೇಳಿದಾರೆ, ಅವರ ಭಯಕ್ಕೆ ಆಧಾರವೇ ಇಲ್ಲ ಅಂತಾನೂ ನಾನು ಸುಳ್ಳು ಹೇಳಲ್ಲ. ಆದ್ರೆ ಶಾಂತವಾಗಿ ಬೀದೀಲಿ ನಡೆಯೋದು ಅಪರಾಧ ಅಲ್ಲ. ಮೆರವಣಿಗೆಗೆ ಅನುಮತಿ ಇದೆಯಾ ಕೇಳ್ಕೊಳ್ಳಿ, ಇಬ್ಬರು ಮೂವರು ಗೆಳತಿಯರ ಜೊತೆ ಇರಿ, ಒಬ್ಬ ವಕೀಲರ ನಂಬರನ್ನ ಫೋನಲ್ಲಲ್ಲ, ಚೀಟಿಯಲ್ಲಿ ಬರೆದು ಇಟ್ಕೊಳ್ಳಿ. ಎಷ್ಟು ಹೊತ್ತಿಗೆ ಹೋಗ್ತೀರಿ, ಯಾವ ದಾರಿ, ಯಾವಾಗ ವಾಪಸ್ ಅಂತ ಅಪ್ಪನಿಗೆ ಎಲ್ಲಾ ಹೇಳಿ ಹೋಗಿ.